ಕುಣಿಯ ದಡದಲ್ಲಿ ಸಿಕ್ಕ ದನಿ

ರಾಯಚೂರಿನ ಅಂಚಿನಲ್ಲಿರುವ ಕ್ರೈಸ್ತರ ಸ್ಮಶಾನದಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಮೇಲಿನ ಮೊರಂ ಮಣ್ಣು ಸುಲಭವಾಗಿ ಬಿಟ್ಟುಕೊಟ್ಟಿದೆ, ಕೆಳಗಿನ ಕಲ್ಲು ಮಾತ್ರ ಹಟ ಹಿಡಿದಿದೆ. ಎದೆಮಟ್ಟದ ಕುಣಿಯಲ್ಲಿ ನಿಂತ ಪೇತ್ರಪ್ಪ ಹಾರೆಯ ಮೊನೆಯಿಂದ ಸಂದು ಹುಡುಕುತ್ತಾರೆ, ಸಿಕ್ಕೊಡನೆ ಮೈಭಾರವೆಲ್ಲ ಹಾಕಿ ಒತ್ತುತ್ತಾರೆ. ಕಲ್ಲು ಮಿಸುಕುತ್ತದೆ. ಅದನ್ನು ದಡಕ್ಕೆ ಎಸೆದು, ಗೋಡೆಗಳನ್ನು ಸಲಿಕೆಯಿಂದ ಸವರಿ, ಮೇಲೆ ಬರುತ್ತಾರೆ.

ಅಲ್ಲಿಗೆ ಕುಣಿ ತೋಡುವವನ ಕೆಲಸ ಮುಗಿಯಬೇಕು. ಆದರೆ ಪೇತ್ರಪ್ಪ ತೊಟ್ಟಿಯ ನೀರಲ್ಲಿ ಕೈಕಾಲು ತೊಳೆದು, ಶೆಡ್ಡಿನಲ್ಲಿ ಮಡಿಸಿಟ್ಟ ಬಿಳಿ ಅಂಗಿ ತೊಡುತ್ತಾರೆ.

“ಇವತ್ತ ಅಯ್ಯನವರು ದೇವದುರ್ಗಕ್ಕ ಹೋಗ್ಯಾರ. ಮಣ್ಣು ಮಾಡೂ ಮುಂದ ಪ್ರಾರ್ಥನಾ ನಂದ ಅದರೀ,” ಎನ್ನುತ್ತಾರೆ. ಅಯ್ಯನವರೆಂದರೆ ಅವರ ಸಭೆಯ, ಅಂದರೆ ಚರ್ಚಿನ, ಪಾಸ್ಟರ್.

ಪೇತ್ರಪ್ಪ ಹುಟ್ಟಿದ್ದು ದೇವದುರ್ಗದ ಕಡೆಯ ಒಂದು ಹಳ್ಳಿಯಲ್ಲಿ. ಅಪ್ಪ ಬಾವಿ ಕಡಿಯುತ್ತಿದ್ದ. ಮಗ ನಾಲ್ಕಕ್ಷರ ಕಲಿಯಲೆಂದು ಮಾನ್ವಿಯ ಹಾಸ್ಟೆಲಿಗೆ ಸೇರಿಸಿದ. ಅಲ್ಲಿ ಒಂದು ಕ್ರಿಸ್‌ಮಸ್ ನಾಟಕ. ಪೇತ್ರಪ್ಪನಿಗೆ ಅರಳೆಯ ಗಡ್ಡ ಅಂಟಿಸಿ, ನಕ್ಷತ್ರದ ಜಾಡು ಹಿಡಿದು ಕೂಸು ಯೇಸುವನ್ನು ನೋಡಲು ಬರುವ ಜ್ಞಾನಿಯ ವೇಷ ಹಾಕಿದ್ದರು. ಹೇಳಬೇಕಾದದ್ದು ಒಂದೇ ಮಾತು: “ಅಗೋ ನಕ್ಷತ್ರ!”

“ನಕ್ಷತ್ರ ನನ್ನ ತಲಿ ಮ್ಯಾಲೇ ತೂಗಾಡಾಕತ್ತಿತ್ತು. ಎಲ್ಲಾರಿಗೂ ಕಾಣ್ತಿತ್ತು. ನನಗ ಹೇಳಾಕ ಬಾಯಿ ಬರಲಿಲ್ಲ. ಚಡ್ಡಿ ಒದ್ದಿ ಆತು ನೋಡ್ರಿ. ಮಂದಿ ನಕ್ಕಿದ್ದು ಇನ್ನೂ ಕಿವ್ಯಾಗ ಅದ.”

ಆಮೇಲೆ ಅವರು ಶಾಲೆಯ ಕಡೆ ಮುಖ ಮಾಡಲಿಲ್ಲ. ನಾಲ್ಕು ಜನ ಸೇರಿದ ಕಡೆ ಹೋಗುವುದನ್ನೇ ತಪ್ಪಿಸುತ್ತಿದ್ದರು. ತುಂಬಿದ ಬಸ್ಸಿನಲ್ಲಿ ‘ನಿಲ್ಲಿಸ್ರಿ’ ಎಂದು ಕೂಗಲಾರದೆ ಮುಂದಿನ ಊರಲ್ಲಿಳಿದು ನಡೆದು ಬಂದದ್ದುಂಟು. ಸಭೆಯಲ್ಲಿ ಒಬ್ಬೊಬ್ಬರೇ ಎದ್ದು, ದೇವರು ತಮಗೆ ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳುವ ಹೊತ್ತು ಬಂದರೆ, ಚಪ್ಪಲಿ ಕಾಯುವ ನೆಪ ಮಾಡಿ ಹೊರಗೆ ಕೂರುತ್ತಿದ್ದರು. ಸ್ಮಶಾನದ ಕೆಲಸ ಹಿಡಿದದ್ದಕ್ಕೂ ಅದೇ ಕಾರಣ. “ಇಲ್ಲಿ ಯಾರೂ ನನ್ನ ಮಾತಾಡಸಂಗಿಲ್ಲ ಅಂತ ಬಂದೆ,” ಎಂದು ನಗುತ್ತಾರೆ.

ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲದ ಸಂಜೆ ಆ ನೆಮ್ಮದಿ ಕೆಟ್ಟಿತು.

ದೇವದುರ್ಗದ ಕಡೆಯಿಂದ ಹತ್ತಿ ಹೊಲದ ಕೂಲಿಯವರು ಬಂದಿದ್ದರು. ಹಣಮಮ್ಮ ಎಂಬ ತಾಯಿಯ ಮಡಿಲಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡ ಎಳೆಗೂಸು. ಪಾಸ್ಟರ್ ಮಾನ್ವಿಯಿಂದ ಹೊರಟಿದ್ದರು, ಆದರೆ ಕಲ್ಮಲದ ಆಚೆ ಹಳ್ಳ ರಸ್ತೆಯ ಮೇಲೆ ಹರಿದು ಬಸ್ಸುಗಳು ನಿಂತಿದ್ದವು. ಇತ್ತ ಕುಣಿಯ ತಳದಲ್ಲಿ ನೀರು ಒಸರತೊಡಗಿತ್ತು. ಇನ್ನು ಕಾಯುವಂತಿರಲಿಲ್ಲ.

ಕೂಸಿನ ತಂದೆ ಪೇತ್ರಪ್ಪನ ಕೈ ಹಿಡಿದ. “ಯಣ್ಣಾ, ನೀವರ ಎರಡು ಮಾತು ಹೇಳ್ರಿ. ಸುಮ್ಮನ ಹಂಗ ಹಾಕಬ್ಯಾಡ್ರಿ.”

ಪೇತ್ರಪ್ಪ ಸುತ್ತ ನೋಡಿದರು. ಮಳೆಯಲ್ಲಿ ನೆನೆಯುತ್ತ ನಿಂತವರ ಕಣ್ಣೆಲ್ಲ ತಮ್ಮ ಮೇಲೇ ಇದ್ದವು. ಬೇವಿನ ಮರದ ಹಿಂದೆ ಹೋದರು. ಓಡಿಹೋಗುವ ಮನಸ್ಸೇ ಆಗಿತ್ತು ಎಂದು ಈಗ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಗೇಟು ಅತ್ತಲೇ ಇತ್ತು. ಆದರೆ ಹಣಮಮ್ಮ ಸೆರಗಿನಿಂದ ಕೂಸಿನ ಮುಖಕ್ಕೆ ಮಳೆ ಬೀಳದಂತೆ ಮರೆ ಮಾಡುತ್ತಿದ್ದುದು ಕಂಡಿತು. ಅಲ್ಲೇ ಕೆಸರಿನಲ್ಲಿ ಮಂಡಿಯೂರಿದರು.

“‘ಯೇಸಪ್ಪಾ, ಈ ನಾಲಿಗಿ ಹಾರಿಗಿಂತ ಭಾರ ಆಗೇದ. ಎತ್ತಾಕ ನೀನೂ ಒಂದು ಕೈ ಹಚ್ಚು’ ಅಂದೆ. ಅಷ್ಟ ನನ್ನ ಪ್ರಾರ್ಥನಾ.”

ಮರಳಿ ಬಂದು ಮೊದಲು ಕೂಸಿನ ಹೆಸರು ಕೇಳಿದರು. ಇನ್ನೂ ಹೆಸರಿಟ್ಟಿರಲಿಲ್ಲ. “ನಾ ಚಿನ್ನಿ ಅಂತಿದ್ದೆ,” ಎಂದಳು ಹಣಮಮ್ಮ. ಪೇತ್ರಪ್ಪ ಕಣ್ಣು ಮುಚ್ಚಿದರು. ದನಿ ಒಡೆದಿತ್ತು, ಆದರೂ ಹೊರಬಂತು:

“ಸ್ವಾಮಿ, ಈ ಕೂಸಿನ ಹೆಸರು ಚಿನ್ನಿ. ಇದರ ಅವ್ವ ಹಣಮಮ್ಮ. ಈಕಿ ಕೈಯಾಗಿಂದ ನಿನ್ನ ಕೈಯಾಗ ಕೊಡಾಕತ್ತೀವಿ. ಎಳೀ ಕೂಸದ, ನಾಜೂಕಲೆ ಹಿಡ್ಕೋ.”

ಕೊನೆಗೆ ‘ಆಮೆನ್’ ಅನ್ನಲು ಆಗಲಿಲ್ಲ. ಅದನ್ನು ನಿಂತವರೇ ಹೇಳಿದರು. ಹಣಮಮ್ಮ ಕೂಸನ್ನು ತಾನಾಗಿಯೇ ಅವರ ಕೈಗಿತ್ತಳು.

ಅಂದಿನಿಂದ ಹೆದರಿಕೆ ಓಡಿಹೋಯಿತೆಂದರೆ ಸುಳ್ಳಾಗುತ್ತದೆ. ಸುದ್ದಿ ಕೇಳಿದ ಪಾಸ್ಟರ್ ಮುಂದಿನ ಭಾನುವಾರ ಸಭೆಯೆದುರು ಪ್ರಾರ್ಥಿಸಲು ಹೇಳಿದರು. ಪೇತ್ರಪ್ಪ ಎದ್ದರು, ಬಾಯಿ ತೆರೆದರು, ಹಾಗೆಯೇ ಕುಳಿತುಬಿಟ್ಟರು. ಮನೆಗೆ ಬಂದು ಉಣ್ಣದೆ ಮುಸುಕು ಹೊದ್ದಾಗ ಹೆಂಡತಿ ಸುವಾರ್ತಮ್ಮ ಮುಸುಕು ಸರಿಸಿದರಂತೆ: “ಕುಂತ್ರಿ ಅಂತ ಯಾಕ ಅಳ್ತೀರಿ? ಎದ್ದಿದ್ರಲ್ಲ, ಅದನ್ನ ಎಣಸ್ರಿ.”

ಮರುದಿನದಿಂದ ಬೆಳಗಿನ ಕಸ ಹೊಡೆದ ಮೇಲೆ, ಗೋರಿಗಳ ನಡುವೆ ನಿಂತು ಗಟ್ಟಿಯಾಗಿ ಪ್ರಾರ್ಥಿಸುವುದು ರೂಢಿಯಾಯಿತು. ಪಕ್ಕದ ಅಕ್ಕಿ ಗಿರಣಿಯ ಕಾವಲುಗಾರ ಮೀರಾಹುಸೇನ, ಮೊದಲ ದಿನ ಯಾರೋ ಜಗಳಕ್ಕೆ ಬಿದ್ದಿದ್ದಾರೆಂದು ಬಡಿಗೆ ಹಿಡಿದು ಓಡಿ ಬಂದಿದ್ದ. ಈಗ ಅವನೇ ಚಹಾ ತಂದು ಕಾಂಪೌಂಡಿನ ಮೇಲೆ ಕೂರುತ್ತಾನೆ. “ಜರಾ ಜೋರ ಹೇಳೋ ಪೇತ್ರಣ್ಣ, ಹಿಂದಿನ ಸಾಲಿನವರಿಗೆ ಕೇಳವಲ್ದು,” ಎಂದು ಕೊನೆಯ ಗೋರಿಗಳತ್ತ ಕೈ ತೋರುತ್ತಾನೆ.

ಹೀಗೆ ದನಿ ಪಳಗಿತು. ಪಾಸ್ಟರ್ ಒಬ್ಬರೇ, ಹಳ್ಳಿಗಳು ಹಲವು. ಅವರು ಬರಲಾಗದ ಕಡೆ, ದಿಕ್ಕಿಲ್ಲದ ಹೆಣ ಬಂದ ದಿನ, ಈಗ ಪೇತ್ರಪ್ಪನೇ ನಿಲ್ಲುತ್ತಾರೆ. ದೇವದುರ್ಗ, ಮಾನ್ವಿಯ ಹಳ್ಳಿಗಳಿಂದಲೂ ಕರೆ ಬರುತ್ತದೆ. “ಹೆದರಿಕಿ ಇವತ್ತಿಗೂ ಬರ್ತದರೀ. ಬರ್ಲಿ. ನಾ ಒಬ್ಬನ ನಿಂತಿಲ್ಲ ಅಂತ ಗೊತ್ತಾಗೇದ.”

ಬಿಸಿಲೇರುವ ಹೊತ್ತಿಗೆ ಶವದ ಗಾಡಿ ಬರುತ್ತದೆ. ತೀರಿಕೊಂಡವರು ಸಾವಿರಾರು ಹೆರಿಗೆ ಮಾಡಿಸಿದ ನಿವೃತ್ತ ನರ್ಸ್ ಕೃಪಮ್ಮ. ನೆರೆದವರು ಬಹಳ. ಪೇತ್ರಪ್ಪ ಕಣ್ಣು ಮುಚ್ಚುತ್ತಾರೆ. “ಸ್ವಾಮಿ, ಎಷ್ಟೋ ಮಕ್ಕಳನ್ನ ಮೊದಲು ಹಿಡಿದ ಕೈ ಇವು...” ದನಿ ಕಾಂಪೌಂಡಿನವರೆಗೂ ಕೇಳುತ್ತದೆ. ಹಿಂದೆ ನಿಂತ ಮುದುಕಿಯೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ.

ಎಲ್ಲರೂ ಹೋದ ಮೇಲೆ ಬುತ್ತಿ ತಂದ ಸುವಾರ್ತಮ್ಮ ಇನ್ನೊಂದು ಸುದ್ದಿ ಹೇಳುತ್ತಾರೆ. ಬರುವ ತಿಂಗಳು ಮಲ್ಲಟದಲ್ಲಿ ಸುವಾರ್ತಮ್ಮನ ತಂಗಿಯ ಮಗಳ ಮದುವೆ. ಊಟಕ್ಕೆ ಮುಂಚಿನ ಪ್ರಾರ್ಥನೆ ಪೇತ್ರಪ್ಪನೇ ಮಾಡಬೇಕೆಂದು ಹೇಳಿಕಳಿಸಿದ್ದಾರೆ. “ರೂಢಿ ಮ್ಯಾಲೆ ಮದುಮಕ್ಕಳನ್ನ ಮಣ್ಣಿಗೆ ಒಪ್ಪಿಸಿಗಿಪ್ಪಿಸೀರಿ ಮತ್ತ!” ಎನ್ನುತ್ತಾರೆ ಸುವಾರ್ತಮ್ಮ.

ಪೇತ್ರಪ್ಪ ರೊಟ್ಟಿ ಮುರಿಯುತ್ತ ನಗುತ್ತಾರೆ.

“ಇಷ್ಟು ದಿನ ಮಂದಿ ಅಳೂ ಹೊತ್ತಿನಾಗ ಅವರ ಮುಂದ ನಿಂತೀನ್ರಿ. ಒಮ್ಮಿ ಖುಷಿಲೆ ಕುಂತಾಗೂ ನಿಂದರಬೇಕಂತ ಆಸಿ ಅದ. ಪ್ರಾರ್ಥನಾ ಸಣ್ಣದ ಮಾಡ್ತೀನಿ. ಅನ್ನ ಆರಬಾರದಲ್ಲ.”