ರೆಕ್ಸಿನ್ ಸೀರೆ ಉಟ್ಟ ಕಳ್ಳಿ

ಕಳೆದ ವಾರ ನಮ್ಮ ಕೆಂಗೇರಿ ಮನೆಯ ಬಾಲ್ಕನಿಯಲ್ಲಿದ್ದ ಕಳ್ಳಿಯ ಕುಂಡ ಎತ್ತಿದೆ. ಗುಪ್ಪೆಂದು ವಾಸನೆ ಹೊಡೆಯಿತು, ಹುಳಿ ಮೀರಿದ ದೋಸೆಹಿಟ್ಟಿನಂಥದ್ದು. ಬುಡ ಕೊಳೆತುಹೋಗಿತ್ತು. ಮನೆಯಲ್ಲಿ ಒಬ್ಬರಿಗೆ ಗೊತ್ತಿಲ್ಲದಂತೆ ಒಬ್ಬರು ಪಾಪ ಅಂತ ನೀರು ಹಾಕಿದ್ದರು. ಈ ವಾಸನೆ ಮೂಗಿಗೆ ಬಡಿದಿದ್ದರೆ ನಮ್ಮ ಹಳೆಯ ಓನರ್ ಅಂಕಲ್ ಮೆಟ್ಟಿಲಿಳಿಯುತ್ತಲೇ ಬೈಗುಳ ಶುರು ಮಾಡುತ್ತಿದ್ದರು…

ಗೋವಿಂದರಾಜನಗರದಲ್ಲಿ ನಾನೂ ನಮ್ಮಮ್ಮನೂ ಅವರ ಮನೆಯ ಕೆಳಗಡೆ ಬಾಡಿಗೆಗಿದ್ದೆವು. ಮೇಲೆ ಅವರೊಬ್ಬರೇ. ಅತ್ತಿಗುಪ್ಪೆಯಲ್ಲಿ ಅವರದು ಸ್ಕೂಟರ್, ಆಟೋ ಸೀಟ್ ಕವರ್ ಹೊಲಿಯುವ ಅಂಗಡಿ. ಗೇಟಿನ ಪಕ್ಕ, ಬಾವಿಗೆ ಇಳಿಸುವ ಸಿಮೆಂಟ್ ರಿಂಗಿನೊಳಗೆ ಒಂದು ಚದುರಗಳ್ಳಿ ಬೆಳೆದು ಮೊದಲ ಮಹಡಿಯ ಕಿಟಕಿ ದಾಟಿತ್ತು. ಕಾಂಡ ನನ್ನ ತೊಡೆಗಿಂತ ದಪ್ಪ. ಗೇಣುದ್ದದ ತುಂಡಾಗಿದ್ದಾಗ ಅದನ್ನು ತವರಿನಿಂದ ತಂದು ನೆಟ್ಟವರು ಅಂಕಲ್ ಹೆಂಡತಿ, ಆಂಟಿ. ಮನೆ ಮುಂದೆ ಮುಳ್ಳು ಯಾಕೆ ಅಂತ ವರ್ಷಗಟ್ಟಲೆ ಜಗಳವಾಡಿದವರು ಅಂಕಲ್. ಆಂಟಿ ತೀರಿಕೊಂಡ ಮೇಲೆ ಅದೇ ಅಂಕಲ್ ಹಳೆ ಟೂತ್‌ಬ್ರಷ್ ಹಿಡಿದು ಮುಳ್ಳಿನ ಸಂದಿಯ ಧೂಳು ತೆಗೆಯುತ್ತಾ ಕೂರುತ್ತಿದ್ದರು. ಬೇಸಿಗೆಯಲ್ಲಿ ಯಾವಾಗಲೋ ಒಂದು ಚೆಂಬು ನೀರು, ಮಳೆಗಾಲದಲ್ಲಿ ಅದೂ ಇಲ್ಲ.

ಒಂದು ವರ್ಷ ಮಳೆ ನಿಲ್ಲಲೇ ಇಲ್ಲ. ರಿಂಗಿನಲ್ಲಿ ನೀರು ನಿಂತು ಬುಡ ಕೊಳೆಯುತ್ತದೆಂದು ಹೆದರಿ ಅಂಕಲ್ ಮರಕ್ಕೊಂದು ರೇನ್‌ಕೋಟ್ ಹೊಲಿದರು. ಯಾರೋ ಆಟೋದವನು ಆರ್ಡರ್ ಕೊಟ್ಟು ನಾಪತ್ತೆಯಾಗಿದ್ದ ಕೆಂಪು ರೆಕ್ಸಿನ್, ಅದಕ್ಕೆ ಹಳದಿ ಅಂಚು. ಕಾಂಡಕ್ಕೆ ಸುತ್ತಿ, ರಿಂಗು ಮುಚ್ಚುವಂತೆ ಕೆಳಗೆ ನೆರಿಗೆಯನ್ನೂ ಹಿಡಿದರು. ಅಲ್ಲೇ ಕೆಟ್ಟಿತು.

ಬೆಳಗ್ಗೆ ಹೂವು ಮಾರುವ ಅಕ್ಕ ನೋಡುತ್ತಾಳೆ, ಗೇಟಿನ ಪಕ್ಕ ಅಮ್ಮನವರು ಕೆಂಪು ಸೀರೆ ಉಟ್ಟು ನಿಂತಿದ್ದಾರೆ! ಒಂದು ಮೊಳ ಸೇವಂತಿಗೆ ಏರಿಸಿ ಹೋದಳು. ಶುಕ್ರವಾರ ಅರಿಶಿನ ಕುಂಕುಮ ಬಂತು. ಆಮೇಲೆ ಬೀದಿಯ ಹೆಂಗಸರೆಲ್ಲ ಸ್ನಾನ ಮಾಡಿ ಚೆಂಬು ಹಿಡಿದು ಬಂದರು. ನೆರಿಗೆ ಸರಿಸಿ, ಭಕ್ತಿಯಿಂದ, ಬುಡಕ್ಕೇ ನೀರು. ಅವರಲ್ಲಿ ನಮ್ಮಮ್ಮನೂ ಇದ್ದರು, ನಾನೆಷ್ಟು ಹೇಳಿದರೂ ಕೇಳಲಿಲ್ಲ. ಅಂಕಲ್ ‘ನೀರು ಹಾಕಬಾರದು’ ಅಂತ ಬೋರ್ಡ್ ಬರೆಸಿದರು. ಅದಕ್ಕೂ ಕುಂಕುಮ ಬಿತ್ತು. ಕೋಟನ್ನೇ ಬಿಚ್ಚಲು ಹೋದರೆ, ಗಂಡಸರು ಅಮ್ಮನವರ ಸೀರೆಗೆ ಕೈ ಹಾಕುವುದಾ ಅಂತ ಇಡೀ ಬೀದಿ ತಿರುಗಿಬಿತ್ತು.

ಕೊನೆಗೊಂದು ದಿನ ಬುಡ ಒತ್ತಿ ನೋಡಿದರೆ ಹೆಬ್ಬೆರಳು ಒಳಗೆ ಹೋಯಿತು. ಅಂಕಲ್ ಅವತ್ತು ಅಂಗಡಿ ತೆಗೆಯಲಿಲ್ಲ. ನಮ್ಮಮ್ಮ ಊಟಕ್ಕೆ ಕರೆದರೂ ಬರಲಿಲ್ಲ. ಗೇಟಿನ ಕಟ್ಟೆಯ ಮೇಲೆ ಕೂತು ಮರವನ್ನೇ ನೋಡುತ್ತಿದ್ದರು.

ಮಾರನೆಯ ಬೆಳಗ್ಗೆ, ಹುಟ್ಟಿದಾಗಿನಿಂದ ದೇವಸ್ಥಾನದ ಮೆಟ್ಟಿಲು ಹತ್ತದ ಆ ಮನುಷ್ಯ, ಹಣೆಗೆ ಉದ್ದಕ್ಕೆ ಕುಂಕುಮ ಇಟ್ಟುಕೊಂಡು ಗೇಟಿಗೆ ಅಡ್ಡ ನಿಂತಿದ್ದರು.

“ರಾತ್ರಿ ಕನಸಲ್ಲಿ ಬಂದಿದ್ಲು. ವ್ರತ ಹಿಡ್ದಿದೀನಿ, ಯಾರೂ ನೀರು ಹಾಕ್ಬೇಡಿ ಅಂದ್ಲು.”

ಚೆಂಬುಗಳು ಕೆಳಗಿಳಿದವು. ವ್ರತ ಎಲ್ಲಿಯವರೆಗೆ ಎಂದು ಹೂವಿನ ಅಕ್ಕ ಕೇಳಿದಳು. ಅವಳೇ ಹೇಳುತ್ತಾಳೆ ಅಂದರು ಅಂಕಲ್. ಹಾಗಾದರೆ ಬರಿಗೈಯಲ್ಲಿ ಬರುವುದು ಹೇಗೆ ಎಂದಾಗ ಅವರ ತಲೆ ಇನ್ನೂ ಚುರುಕಾಯಿತು. ತಲೆಗೊಂದು ಹಿಡಿ ಜಲ್ಲಿ ತಂದು ಬುಡಕ್ಕೆ ಹಾಕಿ ಅಂದರು. ನೀರು ಇಂಗಿಹೋಗಲು ಅದಕ್ಕಿಂತ ಒಳ್ಳೆಯದು ಇನ್ನೇನಿದೆ! ಹಿಂದಿನ ರಸ್ತೆಯಲ್ಲಿ ಮನೆ ಕಟ್ಟಿಸುತ್ತಿದ್ದವರು ಮಾತ್ರ, ಜಲ್ಲಿ ರಾಶಿ ಶುಕ್ರವಾರ ಶುಕ್ರವಾರ ಯಾಕೆ ಕರಗುತ್ತಿದೆ ಎಂದು ತಲೆ ಕೆಡಿಸಿಕೊಂಡರು.

ರೆಕ್ಸಿನ್ ಕೊಯ್ಯುವ ಚಾಕುವಿನಿಂದ ಅಂಕಲ್ ಕೊಳೆತ ಭಾಗವನ್ನು ಕೆತ್ತಿ ತೆಗೆದರು, ಗಾಯಕ್ಕೆ ಭಕ್ತರದೇ ಅರಿಶಿನ ಮೆತ್ತಿದರು. ಟಾರ್ಚ್ ಹಿಡಿದಿದ್ದ ನಾನು, ದೇವರ ಹೆಸರಲ್ಲಿ ಎಂಥಾ ಸುಳ್ಳು ಹೇಳಿದಿರಿ ಅಂಕಲ್ ಅಂತ ರೇಗಿಸಿದೆ.

ಅವರು ನಗಲಿಲ್ಲ. “ದೇವ್ರು ಅಂತ ನಾನೆಲ್ಲಿ ಹೇಳ್ದೆ? ನಿಮ್ಮ ಆಂಟಿ ದಿನಾ ಬರ್ತಾಳೆ ಕಣೋ. ನನ್ನ ಗಿಡಕ್ಕೆ ನೀರು ಹಾಕಿ ಸಾಯಿಸ್ತೀರಾ ಅಂತ ಬೈತಾಳೆ.”

ಮರ ಬದುಕಿತು. ಅಂಕಲ್ ಹೋಗಿ ವರ್ಷಗಳಾದವು. ಮನೆ ಈಗ ಅವರ ತಂಗಿಯ ಮಗನದು. ಕಳ್ಳಿ ಕಡಿಸಿ ಕಾರು ನಿಲ್ಲಿಸುವ ಆಸೆ ಅವನಿಗೆ, ಬೀದಿ ಬಿಡಬೇಕಲ್ಲ.

ಮೊನ್ನೆ ಭಾನುವಾರ, ಅದೇ ಮರದ ತುಂಡಿನಿಂದ ಬೆಳೆಸಿದ್ದ ನನ್ನದು ಕೊಳೆತಿತ್ತಲ್ಲ, ಇನ್ನೊಂದು ತುಂಡು ತರೋಣವೆಂದು ಅಲ್ಲಿಗೆ ಹೋಗಿದ್ದೆ. ಕೆಂಪು ರೆಕ್ಸಿನ್ ಬಿಸಿಲಿಗೆ ಗುಲಾಬಿಯಾಗಿತ್ತು. ಮರ ಈಗ ಎರಡನೇ ಮಹಡಿಯ ಹತ್ತಿರ. ಹೂವಿನ ಅಕ್ಕನ ಕೂದಲು ಪೂರ್ತಿ ಬೆಳ್ಳಗಾಗಿತ್ತು, ಆದರೂ ಗುರುತು ಹಿಡಿದಳು. ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದಳು, “ಸಾರ್, ಅಮ್ಮನೋರ ವ್ರತ ಮುಗೀತಾ? ಅಂಕಲ್ ನಿಮಗೇನಾದ್ರೂ ಹೇಳಿ ಹೋದ್ರಾ?”

ನಾನು ಒಂದು ಗಳಿಗೆ ಮರ ನೋಡಿದೆ. “ಮೊನ್ನೆ ಕನಸಲ್ಲಿ ಬಂದಿದ್ರು ಅಕ್ಕ,” ಅಂದೆ. “ಇನ್ನೂ ಮುಗಿದಿಲ್ಲ, ನೀರು ಹಾಕ್ಬೇಡಿ ಅಂದ್ರು.”

ಅವಳು ಕೈ ಮುಗಿದು, ಹೂವಿನ ಬುಟ್ಟಿಯ ಮೂಲೆಯಿಂದ ಒಂದು ಹಿಡಿ ಜಲ್ಲಿ ತೆಗೆದು ಬುಡಕ್ಕೆ ಹಾಕಿದಳು.

ಅಂಕಲ್ ಹೋದ ಮೇಲೆ ಒಂದು ಸಲವೂ ನನ್ನ ಕನಸಿಗೆ ಬಂದಿಲ್ಲ… ಬೈಯುವುದಕ್ಕಾದರೂ ಬರಬಹುದಿತ್ತು.