ಉಳಿದದ್ದು ಒಂದೇ ಬೈಕು

ಮೊದಲು ಹೋದದ್ದು ಕಾರು, ಆಮೇಲೆ ನನ್ನ ಸ್ಕೂಟಿ. ಮಸ್ಕಿಯ ನಮ್ಮ ಮನೆಯ ಮುಂದೆ ಕೊನೆಗೆ ಉಳಿದದ್ದು ನನ್ನ ಗಂಡನ ಬೈಕು ಒಂದೇ. ಜರ್ಮನಿಯ ಆಸ್ಪತ್ರೆಯೊಂದರಲ್ಲಿ ನನಗೆ ನರ್ಸ್ ಕೆಲಸ ಗಟ್ಟಿಯಾಗಿತ್ತು. ಗಂಡ, ಎರಡನೇ ತರಗತಿ ಓದುವ ಮಗಳು, ನಾನು, ಮೂವರೂ ಒಟ್ಟಿಗೇ ಹೋಗುವುದೆಂದು ಮಾತಾಗಿತ್ತು. ಹೋಗುವವರಿಗೆ ಗಾಡಿ ಯಾಕೆ ಎಂದು ಒಂದೊಂದಾಗಿ ಮಾರತೊಡಗಿದೆವು. ಸ್ಕೂಟಿಗೆ ಗಿರಾಕಿ ಬಂದಾಗ ನನ್ನ ಗಂಡ ನನ್ನನ್ನು ಒಂದು ಮಾತೂ ಕೇಳಲಿಲ್ಲ. "ಹೆಂಗೂ ಹೋಗಾಕಿ, ನಿನಗ್ಯಾಕ ಬೇಕು?" ಎಂದರು. ಅವರೂ ಹೋಗುವವರೇ ಅಲ್ಲವೇ ಎಂದು ಆಗ ನನಗೆ ಹೊಳೆಯಲಿಲ್ಲ.

ಅವರಿಗೆ ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸ. ನನ್ನದು ಲಿಂಗಸುಗೂರಿನ ಆಸ್ಪತ್ರೆ. ಮಸ್ಕಿ ನಡುವೆ ಇದೆ. ಒಬ್ಬರು ಈ ಕಡೆ ಹೋದರೆ ಇನ್ನೊಬ್ಬರು ಆ ಕಡೆ. ಬೆಳಿಗ್ಗೆ ಮಗಳನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟು, ನನ್ನನ್ನು ಬಸ್ ಸ್ಟ್ಯಾಂಡಿಗೆ ಇಳಿಸಿ ಅವರು ಹೊರಟುಬಿಡುತ್ತಿದ್ದರು. ಮುಂದಿನದು ನನ್ನ ಹಣೆಬರಹ. ಹೆಂಗಸರಿಗೆ ಪ್ರಯಾಣ ಪುಕ್ಕಟೆಯಾದ ಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಮೊಬೈಲು ಹಿಡಿದು ಜರ್ಮನ್ ಪಾಠ ಗೊಣಗುತ್ತಿದ್ದೆ. ಗುರುಗುಂಟಾಕ್ಕೆ ಹೊರಟಿದ್ದ ಮುದುಕಿಯೊಬ್ಬಳು ಬಹಳ ಹೊತ್ತು ನೋಡಿ, "ಏನವ್ವಾ, ಯಾವ ದೇವರ ಮಂತ್ರ ಹೇಳಾಕತ್ತೀ?" ಎಂದು ಕೇಳಿದಳು. "ಹೊಟ್ಟಿಪಾಡಿನ ಮಂತ್ರ ಆಯಿ" ಎಂದೆ. "ಹಂಗಾರ ಜೋರಾಗಿ ಹೇಳು, ನನಗೂ ಪುಣ್ಯ ಬರ್ಲಿ" ಎಂದಳು.

ಸಂಜೆ ಇನ್ನೂ ಕಷ್ಟ. ನಮ್ಮ ಮನೆ ಊರ ಹೊರಗಿನ ಹೊಸ ಬಡಾವಣೆಯಲ್ಲಿ. ಕತ್ತಲಾದ ಮೇಲೆ ಆಟೋದವರು ಅತ್ತ ಬರುವುದಿಲ್ಲ. ಮಸ್ಕಿಯಲ್ಲಿ ಇಳಿದು, ಪಕ್ಕದ ಮನೆಯಲ್ಲಿ ಮಗಳು ಉಂಡಳೋ ಇಲ್ಲವೋ ಎನ್ನುತ್ತ, ಸಿಂಧನೂರಿನ ಕಡೆಯಿಂದ ಬರುವ ಪ್ರತಿ ಬೈಕಿನ ದೀಪ ನೋಡುತ್ತ ನಿಲ್ಲುತ್ತಿದ್ದೆ. ಗಿರಣಿಯಲ್ಲಿ ಯಂತ್ರ ಕೆಟ್ಟ ದಿನ ಅವರು ಫೋನೂ ಎತ್ತುತ್ತಿರಲಿಲ್ಲ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಆ ನಿಲ್ದಾಣದಲ್ಲಿ ನಿಂತು ಎಷ್ಟು ಹಲ್ಲು ಕಡಿದಿದ್ದೇನೋ.

ಇಷ್ಟಾದರೂ ಸಹಿಸಿದೆ, ಸ್ವಲ್ಪ ದಿನದ ಮಾತಲ್ಲವೇ ಎಂದು. ಆದರೆ ಬೈಕಿನ ಮಾತೆತ್ತಿದರೆ ಅವರು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುತ್ತಿದ್ದರು. ಸಾಲಗುಂದದ ರೈತನೊಬ್ಬ ಎರಡು ಸಲ ಬಂದು ನೋಡಿ, ಇಷ್ಟಪಟ್ಟು, ಬರಿಗೈಲಿ ಹೋದ. "ಭತ್ತದ ಸುಗ್ಗಿ ಮುಗೀಲಿ" ಎಂದರು. ಸುಗ್ಗಿ ಮುಗಿದ ಮೇಲೆ "ಆ ಗಿರಾಕಿ ಬರೋಬ್ಬರಿ ಇಲ್ಲ" ಎಂದರು. ವೀಸಾಕ್ಕೆ ಫೋಟೊ ತೆಗೆಸಿಕೊಳ್ಳಿ ಎಂದರೆ ಅದಕ್ಕೂ ನಾಳೆ. ಮೂವರ ಕಾಗದ ಪತ್ರ ಒಟ್ಟಿಗೆ ಕೊಡುವ ದಿನ ಹತ್ತಿರ ಬರುತ್ತಿತ್ತು. ಅವರು ಬಾರದಿದ್ದರೆ ರಾತ್ರಿಪಾಳಿ ಮಾಡಿಕೊಂಡು ಆ ದೇಶದಲ್ಲಿ ಒಬ್ಬಳೇ ಮಗಳನ್ನು ಸಾಕಲಾರೆ, ಅವಳನ್ನು ಬಿಟ್ಟು ಹೋಗಲಂತೂ ಆಗದು. ಕೇಳಿಬಿಡೋಣವೆಂದರೆ, ಇಲ್ಲ ಎಂದುಬಿಟ್ಟರೆ ಎಂಬ ಹೆದರಿಕೆ.

ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ತೊಳೆದು, ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿ, ಕಾಯಿ ಒಡೆಯುತ್ತಾರೆ. ಮಾರಲು ಇಟ್ಟ ಗಾಡಿಗೆ ಮಾತ್ರ ನನ್ನ ಗಂಡ ಅದನ್ನು ಮಾಡುವವರಲ್ಲ. ಕೊಡುತ್ತೇವೆಂದು ಬಾಯಿಬಿಟ್ಟ ಮೇಲೆ ಅದು ಇನ್ನೊಬ್ಬರದು, ಪೂಜೆಯನ್ನೂ ಅವರೇ ಮಾಡಿಕೊಳ್ಳಲಿ ಎನ್ನುವವರು. ಕಾರಿಗೆ ಕಟ್ಟಿದ್ದ ಲಿಂಬೆಹಣ್ಣು ಒಣಗಿ ಕರ್ರಗಾದರೂ ಬದಲಿಸಿರಲಿಲ್ಲ. ನನ್ನ ಸ್ಕೂಟಿಗೂ ಅದೇ ಗತಿ.

ಆ ಅಮಾವಾಸ್ಯೆಯ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಹೊರಗೆ ಬಂದರೆ ಬೈಕು ಫಳಫಳ ಹೊಳೆಯುತ್ತಿದೆ. ಹ್ಯಾಂಡಲಿಗೆ ಹೊಸ ಲಿಂಬೆಹಣ್ಣು, ಚಕ್ರಕ್ಕೆ ವಿಭೂತಿ, ಪಕ್ಕದಲ್ಲಿ ಒಡೆದ ಕಾಯಿ. ಅವರು ಊದುಬತ್ತಿ ಬೆಳಗುತ್ತಿದ್ದರು. ಇವರು ಬರುವುದಿಲ್ಲ ಎಂದು ನನಗೆ ಖಾತ್ರಿಯಾದದ್ದು ಆಗಲೇ.

ಪೂಜೆಯ ಗದ್ದಲದಲ್ಲಿ ನನ್ನ ಬಸ್ಸು ತಪ್ಪಿತು. ಮಗಳನ್ನು ಶಾಲೆಗೆ ಇಳಿಸಿ, ಲಿಂಗಸುಗೂರಿನತನಕ ತಾವೇ ಬಿಡುವುದಾಗಿ ಹೇಳಿ ಹೊರಟರು. ಊರು ದಾಟಿದ ಮೇಲೆ ಒಂದು ಬೇವಿನ ಮರದ ಹತ್ತಿರ ನಿಲ್ಲಿಸಲು ಹೇಳಿ ಇಳಿದೆ.

"ನೀವು ಬರಂಗಿಲ್ಲ, ಹೌದಲ್ರಿ?"

ಅವರು ನನ್ನ ಮುಖ ನೋಡಲಿಲ್ಲ. "ಅಲ್ಲಿ ಬಂದು ಏನು ಮಾಡ್ಲಿ? ಭಾಷಾ ಬರಂಗಿಲ್ಲ, ಕೆಲಸ ಇಲ್ಲ. ಇಲ್ಲಿ ಕಿಕ್ ಹೊಡದ್ರ ಎಲ್ಲಿ ಬೇಕಲ್ಲಿ ಹೋಗಾಂವ ನಾ. ಅಲ್ಲಿ ಮನಿಯಾಗ ಕುಂತು ನೀ ಯಾವಾಗ ಬರ್ತೀ ಅಂತ ಹಾದಿ ಕಾಯಬೇಕು."

ನನಗೆ ಮೈಯೆಲ್ಲ ಉರಿಯಿತು. "ಸ್ಕೂಟಿ ಮಾರಿದಾಗಿಂದ ಬಸ್ ಸ್ಟ್ಯಾಂಡಿನ್ಯಾಗ ನಿಂತು ನಾ ಯಾರ ಹಾದಿ ಕಾಯಾಕತ್ತೀನ್ರಿ? ನಾ ಕಾದ್ರ ನಡೀತೈತಿ, ನೀವು ಕಾದ್ರ ಮರ್ಯಾದಿ ಹೋಗತೈತೇನು?"

ಅವರು ಬೈಕಿಗೆ ಕಿಕ್ ಹೊಡೆದರು. ನನ್ನನ್ನು ಆಸ್ಪತ್ರೆಯ ಗೇಟಿಗೆ ಇಳಿಸಿ, ಹಾಗೇ ಗಾಡಿ ತಿರುಗಿಸಿ ಹೊರಟುಹೋದರು.

ಮುಂದಿನ ವಾರದ ಒಂದು ಸಂಜೆ ಡ್ಯೂಟಿ ಮುಗಿಸಿ ಹೊರಬಂದರೆ ಆಸ್ಪತ್ರೆಯ ಗೇಟಿನ ಬಳಿ ಅವರು ನಿಂತಿದ್ದರು. ಬೈಕು ಕಾಣಲಿಲ್ಲ. ಅಂಗಿ ಮುದುಡಿತ್ತು, ಮೇಲಿನ ಗುಂಡಿ ಕಿತ್ತುಹೋಗಿತ್ತು. ಸಿಂಧನೂರಿನಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದರು.

"ಸಾಲಗುಂದದಾಂವಗ ಕೊಟ್ಟುಬಿಟ್ಟೆ" ಎಂದರು. "ಅವತ್ತು ನೀ ಅಂದದ್ದು ಖರೇ ಐತಿ. ಫೋಟೋನೂ ತಗಸೀನಿ."

ಕುಣಿದಾಡುತ್ತೇನೆ ಎಂದುಕೊಂಡಿದ್ದೆ. ಆದದ್ದು ಗಾಬರಿ. ಅಷ್ಟು ದಿನ ಅವರು ಬರುವುದಿಲ್ಲವೆಂದು ಹೆದರಿದ್ದೆ. ಈಗ, ಕರೆದುಕೊಂಡು ಹೋಗಿ ಅವರನ್ನು ಅಲ್ಲಿ ಸಣ್ಣವರನ್ನಾಗಿ ಮಾಡಿಬಿಟ್ಟರೆ ಎಂದು ಹೆದರಿದೆ.

ವಾಪಸು ಬರುವ ಬಸ್ಸಿನಲ್ಲಿ ಒಂದೇ ಸೀಟು ಸಿಕ್ಕಿತು. ನೀ ಕೂಡು ಎಂದರು. ನನಗೆ ರೂಢಿ ಐತ್ರಿ ಎಂದು ಅವರನ್ನೇ ಕೂರಿಸಿ ಪಕ್ಕದಲ್ಲಿ ನಿಂತೆ. ಅವರು ನನ್ನನ್ನು ಬಗ್ಗಲು ಸನ್ನೆ ಮಾಡಿ, ಬೇರೆ ಯಾರಿಗೂ ಕೇಳದ ಹಾಗೆ ಹೇಳಿದರು: "ಅಲ್ಲಿ ನಾ ಎಲ್ಲ್ಯಾರ ಹಾದಿ ತಪ್ಪಿಸಿಕೊಂಡ್ರ ಬೈಬ್ಯಾಡ."

ಮದುವೆಯಾದಾಗಿನಿಂದ ಅವರು ನನ್ನಲ್ಲಿ ಏನನ್ನೂ ಕೇಳಿಕೊಂಡವರಲ್ಲ.

"ಬೈಯಂಗಿಲ್ರಿ" ಎಂದೆ.