ಪೂಜೆಯ ಹಾಡಿನ ಏಳನೆಯ ಸಾಲು

ಚಿಕ್ಕೋಡಿಯ ಕಾಲೇಜೊಂದರಲ್ಲಿ ನಾನು ಹಿಂದುಸ್ತಾನಿ ಗಾಯನ ಕಲಿಸುತ್ತಿದ್ದೆ. ನಿವೃತ್ತಿಗೆ ಒಂದೇ ವರ್ಷ ಬಾಕಿ ಇದ್ದಾಗ, ಅಂದರೆ ಈಗ್ಗೆ ಮೂರು ವರ್ಷದ ಹಿಂದೆ, ಊರಿನ ಚಿಕ್ಕ ಚರ್ಚಿನ ಫಾದರ್ ಲಾರೆನ್ಸ್ ಸ್ಟಾಫ್ ರೂಮಿಗೆ ಬಂದರು. ಹೊಸ ಚರ್ಚು ಕಟ್ಟಿ ಮುಗಿದಿತ್ತು. ಅದರ ಆಶೀರ್ವಾದದ ದಿನ ಹಾಡಲು ಅವರ ಬಳಿ ಬಲಿಪೂಜೆಯ, ಅಂದರೆ ಚರ್ಚಿನ ಮಾಸ್‌ನ, ಮೂರು ಸಂಯೋಜನೆಗಳಿದ್ದವು, ಯಾವುದನ್ನು ಹಾಡಿಸಬೇಕೆಂದು ತೀರ್ಮಾನವಾಗಿರಲಿಲ್ಲ. "ನಮ್ಮವರನ್ನ ಕೇಳಿದ್ರ ಮೂರೂ ಚಲೋ ಅಂತಾರ. ನೀವು ಹೊರಗಿನವರು, ಮುಲಾಜಿಲ್ದ ಹೇಳ್ರಿ," ಎಂದರು. ಮುಲಾಜು ನೋಡದಿರುವುದರಲ್ಲಿ ನನಗೆ ಆಗಲೇ ಸಾಕಷ್ಟು ಹೆಸರಿತ್ತು.

ಬಲಿಪೂಜೆಯ ಹಾಡುಗಳ ಮಾತುಗಳು ಎಲ್ಲ ಕಡೆಯೂ ಅವೇ: ದಯೆ ಬೇಡುವುದು, ಮಹಿಮೆ ಹಾಡುವುದು, ಶಾಂತಿ ಕೇಳುವುದು. ಬದಲಾಗುವುದು ಸ್ವರ. ಮೊದಲ ಸಂಯೋಜನೆ ಲ್ಯಾಟಿನ್, ನಾಲ್ಕು ಬೇರೆ ಬೇರೆ ಎತ್ತರದ ದನಿಗಳು ಒಂದರ ಮೇಲೊಂದು ಕೂಡಿ ಸಾಗುವಂಥದು. ಎರಡನೆಯದು ಹಾರ್ಮೋನಿಯಂ, ತಬಲಾ ಇಟ್ಟುಕೊಂಡ ಕನ್ನಡದ ಭಜನೆಯ ಧಾಟಿ. ಮೂರನೆಯದರಲ್ಲಿ ಹನ್ನೆರಡು ಗಾಯಕರು ಒಬ್ಬೊಬ್ಬರು ಒಂದೊಂದು ಸಾಲು ಹೇಳಬೇಕು, ಉಳಿದವರು ಹಿಮ್ಮೇಳ ಕೊಡಬೇಕು.

ಒಂದು ಭಾನುವಾರ ಮಧ್ಯಾಹ್ನ ಚರ್ಚಿನ ಗಾಯಕರ ತಾಲೀಮಿಗೆ ಹೋಗಿ, ಮೊಬೈಲಿನ ರೆಕಾರ್ಡರ್ ಚಾಲೂ ಮಾಡಿ ಬೆಂಚಿನ ಮೇಲೆ ಕೂತೆ. ಕಣ್ಣು ಮುಚ್ಚಿಕೊಂಡು ಕೇಳುವುದು ನನ್ನ ಅಭ್ಯಾಸ. ಲ್ಯಾಟಿನ್ ಹಾಡು ಕೇಳಿ ಬೆರಗಾದೆ. ಅಷ್ಟು ಉದ್ದದ ಸ್ವರಗಳಲ್ಲಿ ಒಂದು ಕಡೆಯೂ ಬಿರುಕಿಲ್ಲ! ಫಾದರ್ ಗುಟ್ಟು ಹೇಳಿದರು: ಪಕ್ಕದವರು ಹಾಡುತ್ತಿರುವಾಗ ಒಬ್ಬೊಬ್ಬರಾಗಿ ಉಸಿರು ತೆಗೆದುಕೊಳ್ಳಬೇಕು, ಇಬ್ಬರು ಒಟ್ಟಿಗೆ ನಿಲ್ಲಬಾರದು. "ಭಪ್ಪರೆ! ಯಾರು ಎಲ್ಲಿ ಉಸಿರು ತಗೋತೀರಿ ಅನ್ನೂದ ತಿಳಿಯಂಗಿಲ್ಲಲ್ರಿ," ಎಂದೆ. ಹೆಂಗಸರು ಯಾಕೋ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಭಜನೆಯ ಧಾಟಿ ಬಂದಾಗ ಒಂದು ದನಿ ಸಾಲಿನ ಕೊನೆ ಮುಟ್ಟುವ ಮೊದಲೇ ಸೋಲುತ್ತಿತ್ತು. ಅದು ಸುಶೀಲಾಳದು, ರಾಯಬಾಗದ ಕಡೆ ಶಾಲೆಯಲ್ಲಿ ಮಾಸ್ತರಿಕೆ ಮಾಡುವ, ಮೂವತ್ತೆರಡರ ಹೆಣ್ಣುಮಗಳು. ನನ್ನ ಬಾಯಿ ಸುಮ್ಮನಿರಬೇಕಲ್ಲ! "ಯಾಕ ತಂಗಿ, ಮನ್ಯಾಗ ರೊಟ್ಟಿ ಹಾಕಂಗಿಲ್ಲೇನು? ರಿಯಾಜ ಸಾಲದು ನಿಂದು," ಎಂದೆ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಆ ನಗು ನೆನಪಾದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ, ಹೆಡ್‌ಫೋನ್ ಹಾಕಿಕೊಂಡು, ದಯೆ ಬೇಡುವ ಭಾಗವನ್ನಷ್ಟೇ ಮೂರೂ ರೆಕಾರ್ಡಿಂಗ್‌ಗಳಲ್ಲಿ ಒಂದಾದಮೇಲೊಂದು ಕೇಳಿದೆ. ಮೂರನೆಯದರಲ್ಲಿ ಲೆಕ್ಕ ತಪ್ಪಿತು. ಸಾಲು ಹನ್ನೆರಡು, ದನಿ ಹನ್ನೊಂದೇ. ಆರನೆಯ ಸಾಲು ಹೇಳಿದ ಆಗ್ನೆಸ್ ಎಂಬ ಹಿರಿಯ ಹೆಂಗಸೇ ಏಳನೆಯದನ್ನೂ ಹೇಳಿದ್ದಳು. ಏಳನೆಯ ಜಾಗದಲ್ಲಿ ನಿಂತವಳು ಸುಶೀಲಾ.

ಮತ್ತೆ ಲ್ಯಾಟಿನ್ ಹಾಡಿಗೆ ಹೋದೆ. ಈಗ ಅವಳೊಬ್ಬಳ ದನಿಯ ಬೆನ್ನು ಹತ್ತಿದೆ. ಸ್ವರದ ಜೊತೆ ಹೊರಡುತ್ತಾಳೆ, ಎರಡು ಸೆಕೆಂಡಿಗೆ ಇಲ್ಲವಾಗುತ್ತಾಳೆ, ಆಗ್ನೆಸ್ ಆ ಜಾಗ ತುಂಬುತ್ತಾಳೆ. ದನಿಗಳ ಹಿಂದೆ ಇನ್ನೊಂದು ಸಣ್ಣ ಸದ್ದಿತ್ತು: ನೀರಿನ ಕೊಡ ಹೊತ್ತು ದಿಬ್ಬ ಹತ್ತಿದವರಂಥ ಏದುಸಿರು. ಅವಳು ಹಾಡುತ್ತಿದ್ದುದು ನಿಂತ ಜಾಗದಲ್ಲೇ! ಮೂವತ್ತು ವರ್ಷ ಉಸಿರನ್ನೇ ಕಲಿಸಿದವನು ನಾನು. ರಿಯಾಜಿಲ್ಲದ ಉಸಿರು ಹೀಗಿರುವುದಿಲ್ಲ. ಚಹಾ ಹಾಗೇ ಆರಿತು.

ಹೇಳಲೋ ಬೇಡವೋ? ನಾನು ಡಾಕ್ಟರನಲ್ಲ. ತಪ್ಪಾದರೆ ನಾಲ್ಕು ಜನರೆದುರು ಹೆಣ್ಣುಮಗಳ ಮಾನ ಹೋಗುತ್ತದೆ. ಸರಿಯಾಗಿದ್ದು ಸುಮ್ಮನಿದ್ದರೆ? ಗುರುವಾರದ ತಾಲೀಮಿನವರೆಗೂ ನನಗೆ ಅನ್ನ ರುಚಿಸಲಿಲ್ಲ. ಅಂದು ಬೇಗ ಹೋಗಿ ಆಗ್ನೆಸ್‌ಳನ್ನು ಹೊರಗೆ ಕರೆದು ಕೇಳಿದೆ. ಅವಳ ಕಣ್ಣು ತುಂಬಿದವು.

"ಆರು ತಿಂಗಳಾತ್ರಿ ಸರ್. ಆಕೀ ಉಸಿರು ನಾವು ತಗೋತೀವ್ರಿ. ಮಲಗಿದ್ರ ಕುತ್ತಿಗಿ ಹಿಚಕಿದಂಗ ಆಗ್ತೈತಂತ, ಗ್ವಾಡಿಗೆ ಬೆನ್ನ ಹಚ್ಚಿ ಕುಂತ ನಿದ್ದಿ ಮಾಡ್ತಾಳ. ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕ್ಯಾಳ್ರಿ."

ಉಪಕಾರವೆಂದೇ ಮಾಡಿದ್ದರು. ಒಬ್ಬಳಿಗೆ ಉಸಿರು ಸಾಲದಿದ್ದರೆ ಇನ್ನೊಬ್ಬಳು ತುಂಬಬೇಕೆಂದು ಕಲಿತವರು ಅವರು. ನಾನೋ, ಅದನ್ನೇ ಭಪ್ಪರೆ ಎಂದವನು!

ಸುಶೀಲಾ ಬಂದಳು. ಬಾಗಿಲ ಮೂರು ಮೆಟ್ಟಿಲು ಹತ್ತಿ ಕಂಬ ಹಿಡಿದು ನಿಂತಳು. ನಾನು ಕೇಳುವ ಮೊದಲೇ ಅವಳಿಗೆ ತಿಳಿಯಿತು.

"ಕಳಸಬ್ಯಾಡ್ರಿ ಸರ್. ನಮ್ಮಕ್ಕ ಹಿಂಗ ದಮ್ಮು ಅಂತ ದವಾಖಾನಿಗೆ ಹೋದಾಕಿ ತಿರುಗಿ ಬರ್ಲಿಲ್ಲ. ನಂಗ ಭಾಳ ಅಂಜಿಕಿ ಐತ್ರಿ."

"ನಂಗೂ ಅಂಜಿಕಿ ಐತಿ ತಂಗಿ. ಮೂರು ದಿನಾ ಆತು, ಬರೇ ನಿನ್ನ ಉಸಿರ ಕೇಳಾಕತ್ತೀನಿ. ಅಂಜಕೋತ ಎಲ್ಲಾರೂ ಕೂಡೇ ಹೋಗೂಣು," ಎಂದೆ. ಅವಳು ಬಹಳ ಹೊತ್ತು ಅತ್ತಳು. ಆಮೇಲೆ ಹೂಂ ಎಂದಳು.

ಬೆಳಗಾವಿಯ ಡಾಕ್ಟರು ಅವಳ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕಣ್ಣು ಮುಚ್ಚಿಕೊಂಡು ಕೇಳಿದರು. ಸ್ಕ್ಯಾನ್ ಮಾಡಿಸಿದ ಮೇಲೆ, ಹೃದಯದ ಒಂದು ಕವಾಟ ತೀರಾ ಕಿರಿದಾಗಿದೆ, ತೊಡೆಯ ರಕ್ತನಾಳದಿಂದ ಬಲೂನು ಕಳಿಸಿ ಅದನ್ನು ಅಗಲಿಸಬೇಕು, ತಡ ಮಾಡುವಂತಿಲ್ಲ ಎಂದರು. ಅವರು ಕೊಟ್ಟ ದಿನ ಹೊಸ ಚರ್ಚಿನ ಆಶೀರ್ವಾದದ ದಿನವೇ ಆಗಿತ್ತು.

ನಾನು ಮೂರನೆಯ ಸಂಯೋಜನೆ ಆರಿಸಿದೆ. ಸಂಗೀತವಾಗಿ ಮೊದಲನೆಯದೇ ಮೇಲು, ಆದರೆ ಅದನ್ನು ಮತ್ತೆ ಕೇಳುವ ಶಕ್ತಿ ನನಗಿರಲಿಲ್ಲ. "ಏಳನೇ ಸಾಲು ನಾ ಹೇಳ್ಲೇನ್ರಿ?" ಎಂದಳು ಆಗ್ನೆಸ್. "ಬ್ಯಾಡವ್ವಾ. ಅದು ಆಕೀದು," ಎಂದೆ.

ಆಶೀರ್ವಾದದ ಆ ಬುಧವಾರ ಚರ್ಚು ಕಿಕ್ಕಿರಿದಿತ್ತು. ಆರು ಸಾಲು ಮುಗಿದವು. ಏಳನೆಯ ಸಾಲಿನ ಕಾಲ ಬರಿದೇ ಸಾಗಿತು; ಹೆಚ್ಚೆಂದರೆ ಎಂಟು ಸೆಕೆಂಡು. ಅದೇ ಹೊತ್ತಿಗೆ ಬೆಳಗಾವಿಯಲ್ಲಿ ಅವಳನ್ನು ಒಳಗೆ ಕರೆದೊಯ್ದಿದ್ದರು. ಅವಳೇ ಇನ್ನಿಲ್ಲವಾದರೆ ಎಂದು ನಾನು ಬೆಂಚನ್ನು ಗಟ್ಟಿಯಾಗಿ ಹಿಡಿದೆ. ಎಂಟನೆಯವನ ದನಿ ನಡುಗುತ್ತ ಎದ್ದಿತು.

ಪೂಜೆ ಮುಗಿದು ಅರ್ಧ ಗಂಟೆಗೆ ಸುಶೀಲಾಳ ಗಂಡನ ಫೋನು ಬಂತು. "ಹೊರಗ ತಂದಾರ್ರಿ ಸರ್. ನೀರ ಬೇಡಾಕತ್ತಾಳ." ಆಗ್ನೆಸ್ ಮೆಟ್ಟಿಲ ಮೇಲೆ ಕೂತಳು. ನಾನೂ ಅವಳ ಪಕ್ಕದಲ್ಲಿ ಕೂತೆ.

ಮೇಷ್ಟ್ರುಗಳಾದ ನಾವು ಉಸಿರು ಕಡಿದರೆ ತಪ್ಪೆಂದು ಗೀಚುತ್ತೇವೆ. ಯಾಕೆ ಕಡಿಯಿತೆಂದು ಕೇಳುವುದನ್ನು ಈ ಕೆಲಸ ನನಗೆ ಕಲಿಸಿದ್ದು ಕೊನೆಯ ವರ್ಷದಲ್ಲಿ. ಐದು ತಿಂಗಳ ಮೇಲೆ ಸುಶೀಲಾ ತಾಲೀಮಿಗೆ ಬಂದಳು. ತನ್ನ ಸಾಲನ್ನು ತಾನೇ ಹೇಳಿದಳು. ಸಾಲಿನ ನಡುವೆ ನಿಲ್ಲಿಸಿ, ಕೊನೆಯ ಬೆಂಚಿಗೂ ಕೇಳುವಂತೆ ಒಂದು ದೊಡ್ಡ ಉಸಿರು ತೆಗೆದುಕೊಂಡಳು. ತಾಳ ತಪ್ಪಿತು. ಎಲ್ಲರೂ ನನ್ನ ಕಡೆ ನೋಡಿದರು. ನಾನು ತಿದ್ದಲಿಲ್ಲ.